ಅಂಗಳದ ಬಾಲವಾಡಿ



ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಲಿಕಾ ಕೇಂದ್ರಗಳಿಂದ ನೀವೆಲ್ಲ ಬಂದಿದ್ದೀರಿ. ನಿಮಗೆ ಒಂದು ಬಾಲವಾಡಿಯ ಸಂಗತಿ ಹೇಳ್ತೇವೆ. ಇದರಲ್ಲಿ ನಾವು ಮಾಡಿದ ಕೆಲಸವೂ ಇದೆ, ನಾವು ಮಾಡಿದ ತಪ್ಪೂ ಇದೆ.

ಚಿಕ್ಕ ಮಕ್ಕಳಿಗೆ ಕಲಿಸಲು ಕೆಲವರು ಆಫ್ರಿಕದ ತನಕ ಹೋಗ್ತಾರೆ. ನಾವು ಅಷ್ಟು ದೂರ ಹೋಗಲಿಲ್ಲ. ಯಲ್ಲಾಪುರ ತಾಲ್ಲೂಕಿನ ಒಂದು ಸಿದ್ದಿ ಕೇರಿಗೆ ಹೋದೆವು. ಸಿದ್ದಿಗಳ ಪೂರ್ವಜರು ಆಫ್ರಿಕದವರು. ನೂರಾರು ವರ್ಷಗಳ ಹಿಂದೆ ಪೋರ್ಚುಗೀಸರು ಅವರನ್ನು ಹಡಗಿನಲ್ಲಿ ಗೋವೆಗೆ ತಂದರು. ಗುಲಾಮರನ್ನಾಗಿ ಮಾರಿದರು. ಅಲ್ಲಿಂದ ತಪ್ಪಿಸಿಕೊಂಡ ಎಷ್ಟೋ ಜನ ನಮ್ಮ ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆ ಈಗಲೂ ಅವರ ಕೇರಿಗಳಿವೆ. ನಮ್ಮ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ.

ನಾವು ಮೂವರು ಶಾಲೆಯ ಅಕ್ಕೋರು. ಬೇಸಿಗೆ ರಜೆಯಲ್ಲಿ ಹೋದೆವು. ಅಲ್ಲಿಂದ ಅಂಗನವಾಡಿ ದೂರ. ನಡುವೆ ಹಳ್ಳ ಬೇರೆ. ತಾಯಂದಿರು ತೋಟದ ಕೂಲಿಗೆ ಹೋದರೆ ಏಳು ವರ್ಷದ ಅಕ್ಕ ಎರಡು ವರ್ಷದ ತಮ್ಮನನ್ನು ಎತ್ತಿಕೊಂಡು ಮನೆಯಲ್ಲಿರಬೇಕು. ಅವಳ ಶಾಲೆ ಅಲ್ಲಿಗೇ ನಿಂತಿತು.

ಒಬ್ಬ ಅಜ್ಜಿ ತಮ್ಮ ಅಂಗಳ ಬಿಟ್ಟುಕೊಟ್ಟರು. ಕೇರಿಯವರು ಚಪ್ಪರ ಹಾಕಿದರು. ನಾವು ಚಿತ್ರಪಟ ತೂಗುಹಾಕಿ ಹಾಡು ಹೇಳಿಕೊಟ್ಟೆವು. ಮಕ್ಕಳು ಬಾಯಿ ಬಿಡಲೇ ಇಲ್ಲ. ಎರಡು ದಿನ ನೋಡಿದೆವು. ‘ಮಕ್ಕಳು ಮಂದ’ ಎಂದು ನಮ್ಮ ಪುಸ್ತಕದಲ್ಲಿ ಬರೆದುಕೊಂಡೆವು. ಈಗ ಅದನ್ನು ನೆನೆದರೆ ನಾಚಿಕೆ ಆಗ್ತದೆ.

ಮೂರನೇ ದಿನ ಒಬ್ಬ ಹುಡುಗ ‘ಶೀತ, ಶೀತ’ ಅಂತ ಅಳತೊಡಗಿದ. ನೆಗಡಿ ಆಗಿರಬೇಕು ಅಂದುಕೊಂಡೆವು. ಹಣೆ ಮುಟ್ಟಿ ನೋಡಿದೆವು. ಟವೆಲ್ ಹೊದೆಸಿದೆವು. ಅವನು ಇನ್ನೂ ಜೋರಾಗಿ ಅತ್ತ. ಅಜ್ಜಿ ಒಳಗಿನಿಂದ ನಗ್ತಾ ಬಂದರು.

‘ಅಕ್ಕೋರೇ, ಅವನಿಗೆ ನೆಗಡಿ ಅಲ್ಲ, ಹಸಿವು. ಅನ್ನ ಕೇಳ್ತಾನೆ.’

ಸಿದ್ದಿಗಳ ಮನೆಮಾತು ಕೊಂಕಣಿಗೆ ಹತ್ತಿರ. ಕೊಂಕಣಿಯಲ್ಲಿ ಶೀತ ಅಂದ್ರೆ ಅನ್ನ. ಮಕ್ಕಳು ಮಂದ ಆಗಿರಲಿಲ್ಲ. ನಮ್ಮ ಮಾತು ಅವರಿಗೆ ಬರ್ತಿರಲಿಲ್ಲ, ಅವರದ್ದು ನಮಗೆ ಬರ್ತಿರಲಿಲ್ಲ.

ಮರುದಿನ ಅಜ್ಜಿ ತಾವೇ ಹೊಲಿದ ಕೌದಿ ತಂದು ಹಾಸಿದರು. ಹಳೇ ಸೀರೆ, ಅಂಗಿಯ ತುಂಡುಗಳನ್ನು ಸೇರಿಸಿ ಸಿದ್ದಿ ಹೆಂಗಸರು ಕೌದಿ ಹೊಲೀತಾರೆ. ಮೂಲೆಗಳಲ್ಲಿ ಬಟ್ಟೆ ಮಡಚಿ ಹೂವಿನ ಹಾಗೆ ಇಡ್ತಾರೆ. ಅದಕ್ಕೆ ಫುಲಾ ಅಂತ ಹೆಸರು. ಅಜ್ಜಿ ಬಣ್ಣದ ಹೆಸರು ತಮ್ಮ ಮಾತಿನಲ್ಲಿ ಕೇಳಿದರು. ಮಕ್ಕಳು ಕೂಗಿ ಹೇಳಿದರು. ಅದರ ಹಿಂದೆ ನಾವು ಕನ್ನಡದಲ್ಲಿ ಹೇಳಿದೆವು. ಫುಲಾ ಎಣಿಸುತ್ತಾ ಎಣಿಕೆ ಬಂತು. ಆಮೇಲೆ ಅವರನ್ನು ಸುಮ್ಮನಿರಿಸುವುದೇ ಕಷ್ಟ ಆಯ್ತು! ಮನೆಗೊಂದು ಹಿಡಿ ಅಕ್ಕಿ ಕೂಡಿಸಿ ತಾಯಂದಿರು ಗಂಜಿ ಮಾಡಿದರು.

ಆಫ್ರಿಕದಲ್ಲಿ ಕೆನ್ಯಾ ಅಂತ ಒಂದು ದೇಶ ಇದೆ. 1963ರಲ್ಲಿ ಅದಕ್ಕೆ ಸ್ವಾತಂತ್ರ್ಯ ಬಂತು. ಆಗ ಅಲ್ಲಿಯ ಜನ ‘ಹರಾಂಬೆ’ ಅಂದರು. ಎಲ್ಲರೂ ಕೂಡಿ ಎಳೆಯೋಣ ಅಂತ ಅದರ ಅರ್ಥ. ಹಾಗೆ ಕೂಡಿಯೇ ಎಷ್ಟೋ ಹಳ್ಳಿಗಳಲ್ಲಿ ಶಾಲೆ, ಬಾಲವಾಡಿ ಕಟ್ಟಿಕೊಂಡರು. ಹಣ ಇದ್ದವರು ಹಣ ಕೊಟ್ಟರು, ಇಲ್ಲದವರು ಮೈಮುರಿದು ದುಡಿದರು. ಕೇರಿಯಲ್ಲಿ ಇದನ್ನು ಹೇಳಿದಾಗ ಅಜ್ಜಿ, ‘ಹಾಗಾದ್ರೆ ಅವರು ನಮ್ಮವರೇ’ ಅಂದರು.

ಇನ್ನು ನಮ್ಮ ತಪ್ಪು. ರಜೆ ಮುಗೀತು. ನಾವು ಊರಿಗೆ ಬಂದೆವು. ಮೂರು ವಾರದ ಮೇಲೆ ಹೋಗಿ ನೋಡಿದರೆ ಚಪ್ಪರ ಖಾಲಿ.

‘ಯಾಕೆ ನಿಲ್ಲಿಸಿದ್ರಿ?’ ಅಂತ ಕೇಳಿದೆವು.

‘ಪೆಟ್ಟಿಗೆ ನೀವೇ ಒಯ್ದಿರಲ್ಲ ಅಕ್ಕೋರೇ’ ಅಂದರು ಒಬ್ಬ ತಾಯಿ.

ಹೌದು. ಬಳಪ, ಚಿತ್ರಪಟ, ಹಾಜರಿ ಪುಸ್ತಕ ಎಲ್ಲ ಇದ್ದ ಪೆಟ್ಟಿಗೆ ನಮ್ಮ ಮನೆಯಲ್ಲಿತ್ತು. ಜೋಪಾನ ಮಾಡಿದ್ದೇವೆ ಅಂದುಕೊಂಡಿದ್ದೆವು. ಮುಂದಿನ ಭಾನುವಾರ ಪೆಟ್ಟಿಗೆ ಹೊತ್ತುಕೊಂಡು ಹೋಗಿ ಅವರ ಕೈಗೇ ಕೊಟ್ಟೆವು. ಈಗ ಕೇರಿಯ ಏಳನೇ ತರಗತಿ ಓದಿದ ಹುಡುಗಿ ಬಾಲವಾಡಿ ನಡೆಸ್ತಾಳೆ. ಮಳೆ ಬಂದರೆ ಅಜ್ಜಿಯ ಜಗಲಿ ಇದೆ.

ಆ ತಾಯಿ ನಿಮ್ಮ ಹಾಗೆ ಕಲಿಕಾ ಕೇಂದ್ರದಲ್ಲಿ ಅಕ್ಷರ ಕಲಿತವರು. ಹಾಜರಿ ಬರೆಯುವುದು ಅವರೇ. ಮೊನ್ನೆ ಪುಸ್ತಕ ನೋಡಿದೆವು. ಒಂದು ಮಗುವಿನ ಹೆಸರನ್ನು ನಾವು ತಪ್ಪಾಗಿ ಬರೆದಿದ್ದೆವು. ಅವರು ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ಸರಿಯಾಗಿ ಬರೆದಿದ್ದಾರೆ.