ಕ್ಯಾನ್ಸರ್ ಬಂದ ಮನೆಯಲ್ಲಿ ಪತಿ-ಪತ್ನಿಯರಿಗೆ ಬೇಕಾದ ಆಸರೆ

(ಭಾಷಣದ ಲಿಖಿತ ರೂಪ)



ಯಾರಿಗಾದರೂ ಕ್ಯಾನ್ಸರ್ ಎಂದು ತಿಳಿದಾಗ ನಾವೆಲ್ಲರೂ ರೋಗಿಯ ಬಗ್ಗೆ ವಿಚಾರಿಸುತ್ತೇವೆ. ಪಕ್ಕದಲ್ಲಿ ಚೀಟಿ, ಔಷಧ ಹಿಡಿದು ನಿಂತಿರುವ ಪತಿಯನ್ನೋ ಪತ್ನಿಯನ್ನೋ "ನೀವು ಹೇಗಿದ್ದೀರಿ?" ಎಂದು ಕೇಳುವವರು ಕಡಿಮೆ. ರೋಗ ಬರುವುದು ಒಬ್ಬರ ದೇಹಕ್ಕೆ, ಅನುಭವಿಸುವವರು ಇಬ್ಬರು.

ಕೆರೆಕಟ್ಟೆಯನ್ನೇ ತೆಗೆದುಕೊಳ್ಳಿ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡಿನ ನಡುವಿನ ಊರು. ವಿಕಿರಣ ಚಿಕಿತ್ಸೆ ಬೇಕೆಂದರೆ ಘಾಟಿ ಇಳಿದು ಮಾಳ, ಬಜಗೋಳಿ, ಕಾರ್ಕಳದ ಮೂಲಕ ಮಣಿಪಾಲಕ್ಕೋ ಮಂಗಳೂರಿಗೋ ಹೋಗಬೇಕು. ಇಲ್ಲವೇ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ. ಈ ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ ಹಲವು ವಾರ ನಡೆಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ದಿನಾ ಹೋಗಿ ಬರಲು ಸಾಧ್ಯವೇ? ಅಲ್ಲೇ ಉಳಿದರೆ ಜೊತೆಗಿದ್ದವರ ದುಡಿಮೆ ನಿಲ್ಲುತ್ತದೆ. ಇತ್ತ ಮಕ್ಕಳು, ವೃದ್ಧ ತಂದೆತಾಯಿ ಯಾರ ಕೈಗೆ? ಈ ಲೆಕ್ಕ ಹಾಕಿಯೇ ಎಷ್ಟೋ ಜನ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುತ್ತಾರೆ.

ಮೊದಲನೆಯದಾಗಿ ಬೇಕಾದದ್ದು ಮಾಹಿತಿ. ವೈದ್ಯರ ಬಳಿ ಇಬ್ಬರೂ ಕೂಡಿ ಹೋಗಿ, ಪ್ರಶ್ನೆಗಳನ್ನು ಮೊದಲೇ ಬರೆದುಕೊಳ್ಳಿ. ಕ್ಯಾನ್ಸರ್ ಅಂಟುರೋಗವಲ್ಲ. ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಪಕ್ಕದಲ್ಲಿ ಮಲಗುವುದರಿಂದ ಅದು ಹರಡುವುದಿಲ್ಲ. ಕೀಮೋಥೆರಪಿಯ ಅವಧಿಯಲ್ಲಿ ಜ್ವರ 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು. ಇದನ್ನು ತಿಳಿದಿರಬೇಕಾದವರು ಮನೆಯಲ್ಲಿರುವ ಸಂಗಾತಿ. ಉಪವಾಸದ ವಿಷಯದಲ್ಲಿ ರೋಗಿಗೆ ಇಸ್ಲಾಂ ರಿಯಾಯಿತಿ ನೀಡಿದೆ ಎಂಬುದನ್ನೂ ನೆನಪಿಸುವುದು ಒಳ್ಳೆಯದು.

ಎರಡನೆಯದು ಮನಸ್ಸಿನ ಮಾತು. ಪತ್ನಿ ಹೆದರುತ್ತಾಳೆಂದು ಪತಿ ಮುಚ್ಚಿಡುತ್ತಾನೆ, ಪತಿ ಕುಗ್ಗುತ್ತಾನೆಂದು ಪತ್ನಿ ಅಳು ನುಂಗುತ್ತಾಳೆ. ಒಂದೇ ಸೂರಿನಡಿ ಇಬ್ಬರೂ ಒಂಟಿಯಾಗುತ್ತಾರೆ. ಪ್ರೀತಿಯಿಂದ ಮಾಡುವ ಈ ಮುಚ್ಚುಮರೆ ಇಬ್ಬರ ಭಾರವನ್ನೂ ಹೆಚ್ಚಿಸುತ್ತದೆ. "ನನಗೂ ಭಯವಾಗುತ್ತಿದೆ" ಎಂದು ಹೇಳಿಕೊಳ್ಳುವುದು ದೌರ್ಬಲ್ಯವಲ್ಲ. ನಿದ್ದೆ, ಊಟ ಬಿಟ್ಟುಹೋದರೆ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಕರೆ ಉಚಿತ.

ಮೂರನೆಯದು ನಾವು ಬಾಯಿ ಬಿಡದ ವಿಷಯ, ದಾಂಪತ್ಯ. ಸ್ತನದ ಶಸ್ತ್ರಚಿಕಿತ್ಸೆ ಆದಾಗ, ಕೂದಲು ಉದುರಿದಾಗ ಹೆಂಡತಿ ಗಂಡನ ಕಣ್ಣು ತಪ್ಪಿಸುತ್ತಾಳೆ. ಬಾಯಿಯ ಕ್ಯಾನ್ಸರಿನಿಂದ ಮುಖ ಬದಲಾದ ಗಂಡ ಕನ್ನಡಿ ನೋಡಲಾರ. ಆಗ ಬೇಕಾದದ್ದು ಸಂಗಾತಿಯ ಒಂದು ಸ್ಪರ್ಶ, ಒಂದು ಸಮಾಧಾನದ ನುಡಿ. ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಆದರೆ "ಎಲೆಅಡಿಕೆ ಬಿಡು ಎಂದಿದ್ದೆನಲ್ಲ" ಎಂದು ಹಾಸಿಗೆ ಹಿಡಿದವರನ್ನು ಚುಚ್ಚಿ ಪ್ರಯೋಜನವಿಲ್ಲ. ಮಕ್ಕಳ ಬಯಕೆಯಿರುವ ಯುವ ದಂಪತಿಗಳು ಚಿಕಿತ್ಸೆಗೆ ಮೊದಲೇ ಅದರ ಬಗ್ಗೆ ವೈದ್ಯರನ್ನು ಕೇಳಬೇಕು.

ಪುರುಷರಿಗೆ ಒಂದು ಮಾತು. ಗಂಡನಿಗೆ ಕಾಯಿಲೆ ಬಂದರೆ ಹೆಂಡತಿ ಆರೈಕೆಗೆ ನಿಲ್ಲುತ್ತಾಳೆ. ಹೆಂಡತಿಗೆ ಬಂದರೆ ಕೀಮೋ ಮುಗಿಸಿ ಬಂದ ಅವಳೇ ಒಲೆ ಹಚ್ಚುವ ಮನೆಗಳು ನಮ್ಮಲ್ಲಿವೆ. ಗಂಜಿ ಬೇಯಿಸುವುದು, ಬಟ್ಟೆ ಒಗೆಯುವುದು ಗಂಡಸಿನ ಮರ್ಯಾದೆಗೆ ಕುಂದಲ್ಲ.

ಇನ್ನು ಹಣದ ಚಿಂತೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ಕ್ಯಾನ್ಸರ್ ಅದರಲ್ಲಿ ಸೇರಿದೆ. ಚಿಕಿತ್ಸೆಗೆ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ಟಿಕೆಟ್ ರಿಯಾಯಿತಿಯಿದೆ. ಗುಣವಾಗದ ಹಂತ ತಲುಪಿದವರ ನೋವು ಶಮನಕ್ಕೆ ಬೆಂಗಳೂರಿನ ಕರುಣಾಶ್ರಯ ಉಚಿತ ಸೇವೆ ನೀಡುತ್ತಿದೆ. ಆದರೆ ಇವೆಲ್ಲಕ್ಕೂ ದಾಖಲೆ ಬೇಕು, ಅರ್ಜಿ ಬೇಕು, ಅಲೆದಾಟ ಬೇಕು. ಗಾಬರಿಯಲ್ಲಿರುವ ಗಂಡ-ಹೆಂಡಿರಿಗೆ ಅದೇ ದೊಡ್ಡ ಬೆಟ್ಟ.

ಓದಿದ ನಮ್ಮ ಯುವಕ-ಯುವತಿಯರ ಕೆಲಸ ಇಲ್ಲಿದೆ. ಅರ್ಜಿ ತುಂಬಿಕೊಡಿ. ಒಂದು ದಿನ ನೀವು ಆಸ್ಪತ್ರೆಯಲ್ಲಿ ಕುಳಿತು ಸಂಗಾತಿಗೆ ಬಿಡುವು ಕೊಡಿ. ಮಕ್ಕಳ ಶಾಲೆ ತಪ್ಪದಂತೆ ನೋಡಿಕೊಳ್ಳಿ. ನೋಡಲು ಹೋದಾಗ ಸತ್ತವರ ಕಥೆ ಹೇಳಬೇಡಿ, ಹೆಚ್ಚು ಹೊತ್ತು ಕೂರಬೇಡಿ. ಹೊರಡುವ ಮುನ್ನ ರೋಗಿಯ ಸಂಗಾತಿಯನ್ನೂ ಕರೆದು "ನಾಳೆ ನಾನೇನು ಮಾಡಲಿ?" ಎಂದು ಕೇಳಿ. ಕೇಳಿದ ಮೇಲೆ ಅದನ್ನು ಮಾಡಿಕೊಡಿ.