ಒಳಹರಿವು ತಗ್ಗಿದರೆ ಸಾಲದು



ಬಾಗೂರು, ಹೊಸದುರ್ಗದ ಕಡೆಯ ಕೇಳುಗರ ಕಾಗದಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇದೆ. "ದೇಶ ಬೆಳೆಯಬೇಕು ಅಂತೀರಿ. ಬೆಳೆದರೆ ಹಸಿರುಮನೆ ಅನಿಲ ಹೆಚ್ಚುತ್ತೆ ಅಂತಲೂ ಅಂತೀರಿ. ಹಾಗಾದರೆ ನಾವು ಬೋರ್‌ವೆಲ್ ಮೋಟಾರು ಆರಿಸಿ ಕೂತ್ಕೋಬೇಕಾ?" ಒಬ್ಬರು ಇನ್ನೂ ಖಾರವಾಗಿ ಕೇಳಿದ್ದಾರೆ: "ನಮ್ಮ ಗುಡ್ಡಗಳ ತುಂಬ ಫ್ಯಾನು ನಿಲ್ಲಿಸಿ ಆಯ್ತು, ಇನ್ನೂ ನಮಗೇ ಉಪದೇಶವಾ?"

ನ್ಯಾಯವಾದ ಸಿಟ್ಟು. ಮೋಟಾರು ಆರಿಸಿ ಎಂದು ನಾನು ಹೇಳುವುದಿಲ್ಲ. ಆದರೆ ಇದೇ ಕಾಗದಗಳಲ್ಲಿ ಬರುವ ಎರಡು ಮಾತುಗಳನ್ನು ಮೊದಲು ಆಚೆಗಿಡಬೇಕು. ಓಝೋನ್ ಪದರದ ತೂತಿನಿಂದ ಭೂಮಿ ಬಿಸಿಯಾಗುತ್ತಿದೆ ಎನ್ನುವುದು ಒಂದು. ಅಲ್ಲ. ಅದು ಬೇರೆ ಕಾಯಿಲೆ, ಅದಕ್ಕೆ ಔಷಧವೂ ಸಿಕ್ಕಿದೆ. ಗುಡ್ಡದ ಮೇಲಿನ ಫ್ಯಾನು, ಅಂದರೆ ಗಾಳಿಯಿಂದ ಕರೆಂಟು ತೆಗೆಯುವ ಯಂತ್ರ, ಮೋಡ ಓಡಿಸುತ್ತದೆ ಎನ್ನುವುದು ಇನ್ನೊಂದು. ಓದಿದವರ ಬಾಯಲ್ಲೂ ಇದನ್ನು ಕೇಳಿದ್ದೇನೆ, ಪ್ರತಿ ಸಲವೂ ತಾಳ್ಮೆ ತಪ್ಪುತ್ತದೆ. ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿ ಕೂತ ಜಿಲ್ಲೆ ಇದು. ಫ್ಯಾನು ಎಂಬುದನ್ನೇ ಯಾರೂ ಕಾಣದ ಕಾಲದಲ್ಲೂ ಇಲ್ಲಿ ಬರ ಬರುತ್ತಿತ್ತು. ಹೌದು ತಾನೆ?

ಇನ್ನು ಬೆಳವಣಿಗೆಯ ಮಾತು. ನಮ್ಮ ರಾಜ್ಯದ ಕರೆಂಟಿನ ಚರಿತ್ರೆ ನೋಡಿದರೆ ಸಾಕು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು. 1948ರಲ್ಲಿ ಜೋಗ, 1960ರ ದಶಕದಲ್ಲಿ ಶರಾವತಿ ಜಲವಿದ್ಯುತ್ ಕೇಂದ್ರಗಳು ಬಂದವು. ಗಣಿ, ಕಾರ್ಖಾನೆ, ಬೆಂಗಳೂರು, ಹಳ್ಳಿಯ ಮೊದಲ ಬಲ್ಬು ಎಲ್ಲಕ್ಕೂ ರಾಜ್ಯದೊಳಗೆ ತಯಾರಾಗುತ್ತಿದ್ದ ಕರೆಂಟು ಮುಖ್ಯವಾಗಿ ನೀರಿನದು. ಬೆಳವಣಿಗೆ ಆಗಲೂ ಆಗುತ್ತಿತ್ತು, ಆದರೆ ಆ ಕರೆಂಟಿನ ಹಿಂದೆ ಕಲ್ಲಿದ್ದಲು ಹೆಚ್ಚುಕಡಿಮೆ ಇರಲಿಲ್ಲ. ಆಮೇಲೆ ಬೇಡಿಕೆ ನದಿಗಳನ್ನು ಮೀರಿತು. 1985ರಲ್ಲಿ ರಾಯಚೂರಿನ ಕಲ್ಲಿದ್ದಲು ಸ್ಥಾವರದ ಮೊದಲ ಘಟಕ ಶುರುವಾಯಿತು, ಮುಂದೆ ಬಳ್ಳಾರಿ ಹತ್ತಿರ ಕುಡಿತಿನಿಯಲ್ಲೂ ಉಷ್ಣ ಸ್ಥಾವರ ಎದ್ದಿತು. ಕಲ್ಲಿದ್ದಲಿನ ಗಣಿಯೇ ಇಲ್ಲದ ರಾಜ್ಯ ನಮ್ಮದು, ರೈಲಿನ ಮೇಲೆ ರೈಲು ಹೊರಗಿನಿಂದ ತರಿಸಿ ಸುಡತೊಡಗಿದೆವು. ಕರೆಂಟು ಅದೇ, ಬಲ್ಬೂ ಅದೇ. ಅದರ ಹಿಂದೆ ಸುಡುವ ವಸ್ತು ಬಂತು, ಅಷ್ಟೇ ವ್ಯತ್ಯಾಸ.

ಸುಟ್ಟರೆ ಎಷ್ಟು ಅನಿಲ? ಶಾಲೆಯಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದಾಗ ಈ ಲೆಕ್ಕಕ್ಕೆ ಮಕ್ಕಳು ನಗುತ್ತಿದ್ದರು. ಒಂದು ಲೀಟರ್ ಡೀಸೆಲ್ ಒಂದು ಕಿಲೋ ಕೂಡ ತೂಗುವುದಿಲ್ಲ. ಸುಟ್ಟರೆ ಬರುವ ಇಂಗಾಲದ ಡೈಆಕ್ಸೈಡ್ ಸುಮಾರು 2.6 ಕಿಲೋ. "ಹೆಚ್ಚಿನ ತೂಕ ಎಲ್ಲಿಂದ ಬಂತು ಸಾರ್?" ಗಾಳಿಯಿಂದ. ಡೀಸೆಲಿನ 12 ಗ್ರಾಂ ಇಂಗಾಲ ಗಾಳಿಯ 32 ಗ್ರಾಂ ಆಮ್ಲಜನಕವನ್ನು ಹಿಡಿದುಕೊಂಡು 44 ಗ್ರಾಂ ಆಗಿ ಹೊರಬೀಳುತ್ತದೆ. ಕಣ್ಣಿಗೆ ಕಾಣುವ ಕಪ್ಪು ಹೊಗೆ ಇದಲ್ಲ. ಹೊಗೆ ಕಾಣದ, ಹೊಚ್ಚ ಹೊಸ ಟ್ರ್ಯಾಕ್ಟರಿನ ಕೊಳವೆಯಿಂದಲೂ ಇದು ಬರುತ್ತಲೇ ಇರುತ್ತದೆ. ಒಲೆಯ ಸೌದೆಯೂ ಇದನ್ನು ಬಿಡುತ್ತದಲ್ಲ ಎನ್ನುವವರಿಗೆ: ಆ ಮರ ನಿಮ್ಮ ಕಣ್ಣೆದುರೇ ಗಾಳಿಯಿಂದ ಪಡೆದದ್ದನ್ನು ಹಿಂದಿರುಗಿಸುತ್ತದೆ, ಮರ ಮತ್ತೆ ಬೆಳೆದರೆ ಲೆಕ್ಕ ಸರಿ. ಕಲ್ಲಿದ್ದಲು ಕೋಟ್ಯಂತರ ವರ್ಷ ನೆಲದೊಳಗೆ ಮುಚ್ಚಿಟ್ಟಿದ್ದ ಇಂಗಾಲ.

ಈಗ ನಾನು ಯಾವತ್ತೂ ಹೇಳುವ ಮಾತಿಗೆ ಬರುತ್ತೇನೆ. ಮಾರಿಕಣಿವೆಯ ಅಣೆಕಟ್ಟು ನೋಡಿದ ನಿಮಗೆ ಇದು ಬೆಂಗಳೂರಿನವರಿಗಿಂತ ಬೇಗ ತಿಳಿಯುತ್ತದೆ. ಒಳಹರಿವು ಬೇರೆ, ಮಟ್ಟ ಬೇರೆ. ಆ ಅಣೆಕಟ್ಟಿನ ವಾಣಿವಿಲಾಸ ಸಾಗರಕ್ಕೆ ನಿನ್ನೆ ಸಾವಿರ ಕ್ಯೂಸೆಕ್ ಬರುತ್ತಿತ್ತು, ಇವತ್ತು ಒಂಬೈನೂರ ಐವತ್ತು, ನಾಲೆಗೆ ಹೋಗುವುದು ಅದಕ್ಕಿಂತ ತುಂಬ ಕಡಿಮೆ ಎಂದುಕೊಳ್ಳಿ. ಮಟ್ಟ ಇಳಿಯಿತೇ? ಇಲ್ಲ, ಏರಿತು. ಸ್ವಲ್ಪ ನಿಧಾನವಾಗಿ ಏರಿತು, ಅಷ್ಟೇ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್‌ನ ಕಥೆಯೂ ಅದೇ. ಬಿಟ್ಟದ್ದರಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಕಡಲು, ಗಿಡಮರ ಹೀರಿಕೊಳ್ಳುತ್ತವೆ. ನಾಲೆಯಿಂದ ಹೋಗುವ ನೀರು ಅದು. ಉಳಿದರ್ಧ ನೂರಾರು ವರ್ಷ ಅಲ್ಲೇ ನಿಲ್ಲುತ್ತದೆ.

ಲೋಕವೇ ಇದಕ್ಕೊಂದು ಪ್ರಯೋಗ ಮಾಡಿ ತೋರಿಸಿತು. 2020ರ ಕೊರೋನಾದಲ್ಲಿ ವಿಮಾನ, ರೈಲು, ಕಾರ್ಖಾನೆ ನಿಂತವು, ಎಷ್ಟೋ ಜನರ ಕೂಲಿಯೂ ನಿಂತಿತು. ಅಷ್ಟಾದರೂ ಜಗತ್ತಿನ ಹೊರಸೂಸುವಿಕೆ ಇಳಿದದ್ದು ಸುಮಾರು ಶೇ 5. ಗಾಳಿಯಲ್ಲಿನ ಮಟ್ಟ ಆ ವರ್ಷವೂ ಏರಿತು. ಮರುವರ್ಷ ವ್ಯಾಪಾರ ಚೇತರಿಸಿಕೊಂಡಿತು, ಅನಿಲವೂ ಹಳೆಯ ಜಾಗಕ್ಕೆ ಬಂತು. ಬಡತನವನ್ನೇ ಔಷಧ ಎಂದು ಹೇಳುವವರು ಆ ಕೊರೋನಾ ವರ್ಷವನ್ನು ಮರೆಯಬಾರದು.

ಮತ್ತೊಮ್ಮೆ ಹೇಳುತ್ತೇನೆ, ಬೇಸರಿಸಬೇಡಿ: ಒಳಹರಿವು ಸ್ವಲ್ಪ ತಗ್ಗಿದರೆ ಮಟ್ಟ ಇಳಿಯುವುದಿಲ್ಲ. 1958ರಲ್ಲಿ ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ ಅಳೆಯಲು ಶುರು ಮಾಡಿದಾಗ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಈ ಅನಿಲ ಸುಮಾರು 315 ಭಾಗ ಇತ್ತು. ಈಗ 420 ದಾಟಿದೆ. ನಮ್ಮ ಮಾರಿಕಣಿವೆಯ ಅಣೆಕಟ್ಟು 1907ರಲ್ಲಿ ಕಟ್ಟಿ ಮುಗಿದು, 1933ರಲ್ಲಿ ಕೋಡಿ ಬಿದ್ದು, ಮತ್ತೆ ಬೀಳಲು 2022 ಆಗಬೇಕಾಯಿತು. ಬಂದ ನೀರಿಗೆ ಬಾಗಿನ ಕೊಟ್ಟು ಸಂಭ್ರಮಪಟ್ಟೆವು. ಗಾಳಿಗೆ ಕೋಡಿಯೂ ಇಲ್ಲ, ನಾವು ಬೇಕೆಂದಾಗ ತೆರೆಯುವ ತೂಬೂ ಇಲ್ಲ.

ಅದಕ್ಕೇ "ಶೇಕಡಾವಾರು ಕಡಿಮೆಯಾಯಿತು" ಎಂಬ ಸುದ್ದಿ ಬಂದಾಗ ಕಿವಿ ನೆಟ್ಟಗೆ ಮಾಡಿಕೊಳ್ಳಿ. 2005ರಿಂದ 2020ರೊಳಗೆ ಭಾರತ ತನ್ನ ಉತ್ಪನ್ನದ ಪ್ರತಿ ರೂಪಾಯಿಗೆ ಬಿಡುವ ಅನಿಲವನ್ನು ಶೇ 36ರಷ್ಟು ತಗ್ಗಿಸಿದೆ. ನಿಜ, ಒಳ್ಳೆಯ ಕೆಲಸ. ಆದರೆ ರೂಪಾಯಿಗಳು ಅದಕ್ಕಿಂತ ವೇಗವಾಗಿ ಹೆಚ್ಚಿದವು, ಒಟ್ಟು ಅನಿಲ ಏರಿತು. ಬ್ರಿಟನ್ ಕಥೆ ಬೇರೆ: 1990ರಿಂದೀಚೆಗೆ ಆರ್ಥಿಕತೆ ಬೆಳೆದಿದೆ, ದೇಶದೊಳಗಿನ ಅನಿಲ ಅರ್ಧದಷ್ಟಾಗಿದೆ. ಅವರ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ 2024ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಅಂದರೆ ಬೆಳವಣಿಗೆಗೂ ಅನಿಲಕ್ಕೂ ಬಿದ್ದ ಗಂಟು ಬಿಚ್ಚುತ್ತದೆ. ಹೊರದೇಶದಲ್ಲಿ ತಯಾರಾಗಿ ಅಲ್ಲಿಗೆ ಹೋಗುವ ಸರಕಿನ ಅನಿಲ ಆ ಲೆಕ್ಕದಲ್ಲಿ ಇಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು.

ಜನಸಂಖ್ಯೆಯೇ ಕಾರಣ ಎನ್ನುವವರಿಗೆ ಒಂದೇ ಮಾತು. ಭಾರತೀಯನೊಬ್ಬನ ಪಾಲಿನ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ ಸುಮಾರು ಎರಡು ಟನ್, ಅಮೆರಿಕದವನದು ಸುಮಾರು 14. ಹಾಗೆಂದು ನಾವು ಕೈಕಟ್ಟಿ ಕೂರುವಂತಿಲ್ಲ. ಒಟ್ಟು ಲೆಕ್ಕದಲ್ಲಿ ಚೀನಾ, ಅಮೆರಿಕದ ನಂತರ ನಾವೇ.

ನಿಮ್ಮ ಗುಡ್ಡದ ಫ್ಯಾನು, ಪಕ್ಕದ ಪಾವಗಡದ 2050 ಮೆಗಾವಾಟ್ ಸೋಲಾರ್ ಪಾರ್ಕ್ ಇವೆಲ್ಲ ಒಳಹರಿವನ್ನು ತಡೆಯುವ ಕೆಲಸ. ಆದರೆ ಗಾಳಿ ಜೋರು ಬೀಸುವುದು ಮುಂಗಾರಿನಲ್ಲಿ, ಬಿಸಿಲಿರುವುದು ಹಗಲಲ್ಲಿ. ಬೇಸಿಗೆಯ ರಾತ್ರಿ ಓಡುವ ಮೋಟಾರಿಗೆ ಬಹುಪಾಲು ಕಲ್ಲಿದ್ದಲೇ ಗತಿ. ಐದು ಎಚ್‌ಪಿ ಮೋಟಾರು ಏಳು ತಾಸು ಓಡಿದರೆ ಸುಮಾರು 30 ಯೂನಿಟ್. ಅಷ್ಟೂ ಕಲ್ಲಿದ್ದಲಿನದಾದರೆ ಹತ್ತಿರ ಹತ್ತಿರ 30 ಕಿಲೋ ಅನಿಲ. ನಿಮಗೆ ಬಿಲ್ಲು ಬರುವುದಿಲ್ಲ, ಮಟ್ಟ ಏರುತ್ತದೆ.

ಸಲಹೆಗಳಿಗೆಂದು ಇಟ್ಟುಕೊಂಡಿದ್ದ ಹೊತ್ತನ್ನೆಲ್ಲ ಮಾರಿಕಣಿವೆಯೇ ತಿಂದುಬಿಟ್ಟಿತು, ಬೇಗ ಹೇಳಿಬಿಡುತ್ತೇನೆ. ಹಗಲು ತ್ರೀ ಫೇಸ್ ಸಿಕ್ಕರೆ ಹಗಲೇ ನೀರು ಬಿಡಿ. ತೆಂಗು, ಅಡಿಕೆಗೆ ಡ್ರಿಪ್ ಹಾಕಿ. ಸೋಲಾರ್ ಪಂಪಿನ ಕುಸುಮ್ ಯೋಜನೆಯ ಬಗ್ಗೆ ಬೆಸ್ಕಾಂ ಕಚೇರಿಯಲ್ಲಿ ವಿಚಾರಿಸಿ. ಮತ್ತೆ ಮತ್ತೆ ರೀವೈಂಡಿಂಗ್ ಮಾಡಿಸಿದ ಮೋಟಾರು ಅದೇ ನೀರೆತ್ತಲು ಹೆಚ್ಚು ಕರೆಂಟು ಎಳೆಯುತ್ತದೆ. ಮುಂದಿನ ಸಲ ಸುಟ್ಟಾಗ ನೇರವಾಗಿ ರೀವೈಂಡಿಂಗ್ ಅಂಗಡಿಗೆ ಹೊತ್ತೊಯ್ಯುವ ಮುಂಚೆ, ಸ್ಟಾರ್ ಗುರುತಿನ ಹೊಸ ಪಂಪಿನ ಬೆಲೆ ಒಮ್ಮೆ ಕೇಳಿ ನೋಡಿ.