ಹನಿಮೂನ್‌ಗೆ ಕಾರಲ್ಲಿ ಹೊರಟಿದ್ದೀರಾ? ಊರಿನ ಪಟ್ಟಿ ಅರ್ಧ ಮಾಡಿ

(ಪಾಡ್‌ಕಾಸ್ಟ್‌ನ ಅಕ್ಷರ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸಣ್ಣಪುಟ್ಟ ಬದಲಾವಣೆ ಮಾಡಲಾಗಿದೆ.)

ಇವತ್ತಿನ ಮಾತು ಹೊಸದಾಗಿ ಮದುವೆ ಆದವರಿಗೆ, ಆಗೋರಿಗೆ, ಮತ್ತೆ ‘ಮಗಾ, ಒಂದು ಒಳ್ಳೆ ಪ್ಲಾನ್ ಹಾಕ್ಕೊಡೋ’ ಅಂತ ಫ್ರೆಂಡ್ಸ್ ಕೇಳಿದಾಗ ಸಿಕ್ಕಿಹಾಕಿಕೊಳ್ಳೋರಿಗೆ. ವಿಷಯ: ಬೆಂಗಳೂರಿಂದ ಕಾರಲ್ಲಿ ಮಲೆನಾಡಿಗೆ ಹನಿಮೂನ್. ನಾಲ್ಕು ರಾತ್ರಿ, ಐದು ಹಗಲು.

ಸಾಮಾನ್ಯವಾಗಿ ಈ ಪ್ಲಾನ್ ಹೇಗಿರುತ್ತೆ ಗೊತ್ತಾ? ಮೊದಲನೇ ದಿನ ಮಡಿಕೇರಿ, ಎರಡನೇ ದಿನ ಚಿಕ್ಕಮಗಳೂರು, ಮೂರನೇ ದಿನ ಜೋಗ, ನಾಲ್ಕನೇ ದಿನ ಗೋಕರ್ಣ, ಐದನೇ ದಿನ ಮನೆ. ಮೊಬೈಲ್ ಸ್ಕ್ರೀನ್ ಮೇಲೆ ಬಹಳ ಚೆನ್ನಾಗಿ ಕಾಣುತ್ತೆ. ಈಗ ಲೆಕ್ಕ ಹಾಕಿ. ಒಟ್ಟು 1,200 ಕಿಲೋಮೀಟರ್ ದಾಟುತ್ತೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬೆಟ್ಟ, ತಿರುವು, ಒಂದೇ ಲೇನ್‌ನ ರಸ್ತೆ. ಅಂದ್ರೆ ಐದು ದಿನದಲ್ಲಿ ಮೂವತ್ತು ಗಂಟೆ ಸ್ಟೀರಿಂಗ್ ಹಿಂದೆ. ದಿನಾ ಬ್ಯಾಗ್ ಬಿಚ್ಚು, ದಿನಾ ಬ್ಯಾಗ್ ಕಟ್ಟು. ಇದಕ್ಕೆ ಹನಿಮೂನ್ ಅನ್ನಲ್ಲ ಸ್ವಾಮಿ, ಡ್ಯೂಟಿ ಅಂತಾರೆ.

ಇನ್ನೊಂದು ವಿಷಯ ಮರೀತೀವಿ. ಮದುವೆ ಮುಗಿಸಿದ ದೇಹ ಸುಸ್ತಾಗಿರುತ್ತೆ. ಚಪ್ಪರ, ಅರಿಶಿನ, ಆರತಕ್ಷತೆ, ಮುಹೂರ್ತ, ಬೀಗರೂಟ, ಮನೆದೇವರ ದರ್ಶನ, ಇಷ್ಟರ ಮಧ್ಯೆ ಒಂದು ವಾರ ಸರಿಯಾಗಿ ನಿದ್ದೆ ಮಾಡಿರಲ್ಲ. ಮನೆಯವರೇ ನೋಡಿ ಮಾಡಿದ ಮದುವೆ ಆದರೆ, ನೀವಿಬ್ಬರೇ ನಾಲ್ಕು ಗಂಟೆ ಒಂದೇ ಕಡೆ ಕೂತಿದ್ದು ಈ ಕಾರಲ್ಲೇ ಮೊದಲು ಇರಬಹುದು. ಹಾಗಾಗಿ ಎಷ್ಟು ಜಾಗ ನೋಡಿದಿರಿ ಅನ್ನೋದಕ್ಕಿಂತ, ಪಕ್ಕದ ಸೀಟಲ್ಲಿ ಕೂತವರ ಜೊತೆ ಆರಾಮಾಗಿ ಮಾತಾಡೋಕೆ ಆಯ್ತಾ ಅನ್ನೋದು ಮುಖ್ಯ. ಪ್ಲಾನ್ ಅದಕ್ಕೆ ಜಾಗ ಬಿಡಬೇಕು.

ಮೂರು ನಿಯಮ

ಒಂದು: ಮ್ಯಾಪ್ ತೋರಿಸುವ ಸಮಯಕ್ಕೆ ಅದರ ಅರ್ಧ ಸೇರಿಸಿ. ನಾಲ್ಕು ಗಂಟೆ ಅಂದ್ರೆ ಆರು ಗಂಟೆ ಅಂತ ಇಟ್ಕೊಳ್ಳಿ. ತಿಂಡಿ, ಕಾಫಿ, ಶೌಚಾಲಯ, ಫೋಟೋ, ಎದುರಿಗೆ ಬಂದ ಲಾರಿ, ಎಲ್ಲಾ ಅದರಲ್ಲೇ ಬರುತ್ತೆ. ಮಲೆನಾಡಿನ ಒಳರಸ್ತೆಯಲ್ಲಿ ಗಂಟೆಗೆ ಮೂವತ್ತು–ಮೂವತ್ತೈದು ಕಿಲೋಮೀಟರ್ ಹೋದ್ರೆ ಅದೇ ಒಳ್ಳೆ ವೇಗ.

ಎರಡು: ಹೋಗೋ ದಿನ, ಬರೋ ದಿನ ಬಿಟ್ಟು ಉಳಿದ ದಿನಗಳಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಡ್ರೈವಿಂಗ್ ಬೇಡ. ಕತ್ತಲಾದ ಮೇಲೆ ಘಾಟಿ ರಸ್ತೆ ಬೇಡವೇ ಬೇಡ.

ಮೂರು: ಒಂದು ಜಾಗದಲ್ಲಿ ಕನಿಷ್ಠ ಎರಡು ರಾತ್ರಿ. ಇದೊಂದು ನಿಯಮ ಹಿಡಿದರೆ ನಿಮ್ಮ ಪಟ್ಟಿ ತಾನೇ ಅರ್ಧ ಆಗುತ್ತೆ.

ಯಾವಾಗ ಹೋಗೋದು?

ನವೆಂಬರ್‌ನಿಂದ ಫೆಬ್ರವರಿ ಒಳ್ಳೆ ಕಾಲ. ಆಕಾಶ ತಿಳಿಯಾಗಿರುತ್ತೆ, ತೋಟಗಳಲ್ಲಿ ಕಾಫಿ ಕೊಯ್ಲು ನಡೀತಿರುತ್ತೆ. ಮಾರ್ಚ್–ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಮೇಲೆ ಕಾಫಿ ಗಿಡ ಬೆಳ್ಳಗೆ ಹೂ ಬಿಡುತ್ತಲ್ಲ, ಆ ವಾಸನೆ ಸಿಕ್ಕರೆ ನಿಮ್ಮ ಅದೃಷ್ಟ. ಆದರೆ ಅದು ಕೆಲವೇ ದಿನದ ಆಟ, ಬುಕಿಂಗ್ ಮಾಡಿ ಹಿಡಿಯೋಕಾಗಲ್ಲ.

ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ. ಆಷಾಢದಲ್ಲಿ ಹೊಸ ಸೊಸೆಯನ್ನು ತವರಿಗೆ ಕಳಿಸೋ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಹಾಗಾಗಿ ಜೇಷ್ಠದಲ್ಲಿ ಮದುವೆ ಆದವರು ಶ್ರಾವಣಕ್ಕೆ ಟ್ರಿಪ್ ಇಟ್ಟುಕೊಳ್ತಾರೆ. ಹೋಗಬಾರದು ಅಂತಲ್ಲ. ಹಸಿರು, ಜಲಪಾತ ಎಲ್ಲ ಆಗಲೇ ಚೆಂದ. ಆದರೆ ಗುಡ್ಡ ಕುಸಿದು ರಸ್ತೆ ಬಂದ್ ಆಗೋದು, ಮರ ಬಿದ್ದು ಕರೆಂಟ್ ಹೋಗೋದು, ನೆಟ್‌ವರ್ಕ್ ಇಲ್ಲದೇ ಇರೋದು ಅಲ್ಲಿ ಮಾಮೂಲಿ. 2024ರ ಜುಲೈನಲ್ಲಿ ಅಂಕೋಲದ ಶಿರೂರಿನಲ್ಲಿ ಏನಾಯ್ತು ಅಂತ ನಿಮಗೆ ನೆನಪಿರಬಹುದು. ಜಿಲ್ಲಾಡಳಿತದ ಎಚ್ಚರಿಕೆ ಇದ್ದರೆ ಟ್ರಿಪ್ ಮುಂದಕ್ಕೆ ಹಾಕಿ. ಬುಕ್ ಮಾಡುವಾಗಲೇ ‘ಮಳೆ ಜಾಸ್ತಿಯಾದ್ರೆ ದಿನ ಬದಲಾಯಿಸಿ ಕೊಡ್ತೀರಾ?’ ಅಂತ ಕೇಳಿ, ಉತ್ತರವನ್ನು ಮೆಸೇಜಲ್ಲಿ ತಗೊಳ್ಳಿ.

ಈಗ ದಾರಿ

ಭಾನುವಾರ ಬೆಳಿಗ್ಗೆ ಹೊರಡಿ, ಗುರುವಾರ ಸಂಜೆ ವಾಪಸ್ ಬನ್ನಿ. ಶುಕ್ರವಾರ ಸಂಜೆ, ಶನಿವಾರ ಬೆಳಿಗ್ಗೆ ನೆಲಮಂಗಲದ ಕಡೆ ಇಡೀ ಬೆಂಗಳೂರೇ ಹೊರಟಿರುತ್ತೆ. ಭಾನುವಾರ ನೀವು ಹೋಗುವಾಗ ಅವರೆಲ್ಲ ವಾಪಸ್ ಬರ್ತಿರ್ತಾರೆ. ವಾರದ ಮಧ್ಯೆ ರೂಮಿನ ರೇಟೂ ಕಮ್ಮಿ.

ಮೊದಲನೇ ದಿನ: ಬೆಂಗಳೂರು, ಕುಣಿಗಲ್, ಚನ್ನರಾಯಪಟ್ಟಣ, ಹಾಸನ. ಹೆದ್ದಾರಿ, ಸುಮಾರು 185 ಕಿಲೋಮೀಟರ್. ಹಾಸನದಿಂದ ನೇರ ಬೇಲೂರಿಗೆ ಹೋಗೋ ಬದಲು ಹಳೇಬೀಡಿನ ಮೇಲೆ ಹೋದ್ರೆ ಹತ್ತು ಕಿಲೋಮೀಟರ್ ಚಿಲ್ಲರೆ ಹೆಚ್ಚಾಗುತ್ತೆ, ಅಷ್ಟೇ. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಸ್ಥಾನಗಳು 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಸಮಯ ಕಮ್ಮಿ ಅನ್ನಿಸಿದರೆ ಎರಡರಲ್ಲಿ ಒಂದನ್ನೇ ನಿಧಾನವಾಗಿ ನೋಡಿ. ಗೈಡ್ ತಗೊಳ್ಳಿ, ಇಲ್ಲಾಂದ್ರೆ ಬರೀ ಕಲ್ಲು ನೋಡಿಕೊಂಡು ಬರ್ತೀರಿ. ಒಂದು ಸಣ್ಣ ಮಾತು: ಚಪ್ಪಲಿ ಹೊರಗೆ ಬಿಡಬೇಕು, ಮಧ್ಯಾಹ್ನ ಅಂಗಳದ ಕಲ್ಲು ಕಾದ ಕಾವಲಿ ಥರ ಇರುತ್ತೆ. ಕಾಲುಚೀಲ ಹಾಕ್ಕೊಂಡು ಹೋಗಿ. ಬೇಲೂರಿಂದ ಚಿಕ್ಕಮಗಳೂರು 25 ಕಿಲೋಮೀಟರ್. ಬೆಳಕಿರುವಾಗಲೇ ಹೋಂಸ್ಟೇ ಸೇರ್ಕೊಳ್ಳಿ. ಹೋಂಸ್ಟೇಗೆ ಹೋಗೋ ಕೊನೆಯ ಎರಡು–ಮೂರು ಕಿಲೋಮೀಟರ್ ತೋಟದ ಮಣ್ಣುದಾರಿ ಆಗಿರಬಹುದು. ‘ನಮ್ಮ ಸಣ್ಣ ಕಾರು ಬರುತ್ತಾ?’ ಅಂತ ಮೊದಲೇ ಫೋನ್ ಮಾಡಿ ಕೇಳಿ.

ಎರಡನೇ ದಿನ: ಮುಳ್ಳಯ್ಯನಗಿರಿ. ರಾಜ್ಯದ ಅತಿ ಎತ್ತರದ ಶಿಖರ, 1,900 ಮೀಟರ್‌ಗೂ ಹೆಚ್ಚು. ಬೆಳಿಗ್ಗೆ ಬೇಗ ಹೋಗಿ, ತಿಂಡಿ ಹೊತ್ತಿಗೆ ಇಳಿದುಬಿಡಿ. ದಿನಕ್ಕೆ ಇಷ್ಟೇ ವಾಹನ ಅಂತ ಮಿತಿ ಹಾಕಿ ಆನ್‌ಲೈನ್ ನೋಂದಣಿ ಮಾಡಿಸುವ ವ್ಯವಸ್ಥೆ ಬಂದಿದೆ, ಹೊರಡೋ ಮುಂಚೆ ನೋಡಿಕೊಳ್ಳಿ. ಪಕ್ಕದ ಬಾಬಾಬುಡನ್‌ಗಿರಿ ಸಾಲು ಅಂದ್ರೆ ಯೆಮನ್‌ನಿಂದ ಏಳು ಕಾಫಿ ಬೀಜ ತಂದು ನೆಟ್ಟರು ಅನ್ನೋ ಕಥೆಯ ಜಾಗ. ಮಧ್ಯಾಹ್ನದ ಮೇಲೆ ಏನೂ ಇಟ್ಕೋಬೇಡಿ. ತೋಟದಲ್ಲಿ ನಡೆಯಿರಿ, ನಿದ್ದೆ ಮಾಡಿ. ಖಾಲಿ ಬಿಟ್ಟ ಆ ಮಧ್ಯಾಹ್ನವೇ ಇಡೀ ಟ್ರಿಪ್‌ನಲ್ಲಿ ನಿಮಗೆ ಹೆಚ್ಚು ನೆನಪಿರಬಹುದು.

ಮೂರನೇ ದಿನ: ಚಿಕ್ಕಮಗಳೂರು, ಆಲ್ದೂರು, ಬಾಳೆಹೊನ್ನೂರು, ಶೃಂಗೇರಿ. ಹತ್ತಿರ ಹತ್ತಿರ 90 ಕಿಲೋಮೀಟರ್. ಎರಡೂ ಕಡೆ ಕಾಫಿ ತೋಟ, ಅಡಿಕೆ ತೋಟ. ಗಾಜು ಇಳಿಸಿ, ಎಸಿ ಆಫ್ ಮಾಡಿ ಹೋಗೋ ರಸ್ತೆ ಇದು. ಶೃಂಗೇರಿಯಲ್ಲಿ ಮಧ್ಯಾಹ್ನ ದರ್ಶನಕ್ಕೆ ಬಿಡುವು ಇರುತ್ತೆ, ಅದಕ್ಕಿಂತ ಮುಂಚೆ ತಲುಪಿ. ವಿದ್ಯಾಶಂಕರ ದೇವಾಲಯದ ರಾಶಿ ಕಂಬಗಳನ್ನು ನೋಡಿ, ತುಂಗೆಯ ದಡದಲ್ಲಿ ಮೀನು ನೋಡ್ತಾ ಕೂತ್ಕೊಳ್ಳಿ. ಪೆಟ್ರೋಲ್ ಇಲ್ಲೇ ತುಂಬಿಸಿಕೊಂಡು 28 ಕಿಲೋಮೀಟರ್ ದೂರದ ಆಗುಂಬೆ ಕಡೆ ಹೊರಡಿ. ಮುಂದಿನ ಎರಡು ರಾತ್ರಿ ಅಲ್ಲೇ.

ನಾಲ್ಕನೇ ದಿನ: ಬೆಳಿಗ್ಗೆ ತೀರ್ಥಹಳ್ಳಿ ದಾಟಿ ಕುಪ್ಪಳಿ. ಹೋಗಿ ಬರೋಕೆ ಸುಮಾರು 100 ಕಿಲೋಮೀಟರ್. ಕುವೆಂಪು ಅವರ ಮನೆ, ಕವಿಶೈಲ. 1966ರಲ್ಲಿ ಮಗ ತೇಜಸ್ವಿಯವರ ಮದುವೆಗೆ ಕುವೆಂಪು ರೂಪಿಸಿದ್ದು ಮಂತ್ರ ಮಾಂಗಲ್ಯ. ವರದಕ್ಷಿಣೆ ಇಲ್ಲ, ಆಡಂಬರ ಇಲ್ಲ, ಇಬ್ಬರೂ ಸಮಾನರು ಅನ್ನೋ ಮಾತಿನ ಮೇಲೆ ನಿಂತ ಮದುವೆ. ಹೊಸದಾಗಿ ಮದುವೆಯಾದವರು ಆ ಬಂಡೆಗಳ ಮೇಲೆ ಅರ್ಧ ಗಂಟೆ ಕೂರೋದಕ್ಕೆ ಇದಕ್ಕಿಂತ ಒಳ್ಳೆ ನೆಪ ಬೇಕಾ? ಸಂಜೆ ವಾಪಸ್ ಬಂದು ಆಗುಂಬೆಯ ಸೂರ್ಯಾಸ್ತ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಚಿತ್ರೀಕರಣ ಮಾಡಿದ ಊರು ಇದೇ. ಮಂಜು ಕವಿದು ಸೂರ್ಯ ಕಾಣದೇ ಇರಬಹುದು. ಕಾಣದಿದ್ರೆ ಬಿಸಿ ಬಿಸಿ ಕಾಫಿ ಕುಡಿದು ವಾಪಸ್ ಬನ್ನಿ, ನಷ್ಟ ಏನಿಲ್ಲ.

‘ಉಡುಪಿ ಇಲ್ಲಿಂದ ಬರೀ 55 ಕಿಲೋಮೀಟರ್, ಸಮುದ್ರ ನೋಡ್ಕೊಂಡು ಬಂದುಬಿಡೋಣ’ ಅನ್ನೋ ಆಸೆ ಇಲ್ಲಿ ಹುಟ್ಟೇ ಹುಟ್ಟುತ್ತೆ. ಹದಿನಾಲ್ಕು ಹೇರ್‌ಪಿನ್ ತಿರುವು ಇಳಿದು, ಬಿಸಿಲಲ್ಲಿ ಬೀಚ್ ನೋಡಿ, ಮತ್ತೆ ಹತ್ತಬೇಕು. ಸಮುದ್ರ ಬೇಕೇ ಬೇಕು ಅಂದ್ರೆ ಚಿಕ್ಕಮಗಳೂರನ್ನು ಬಿಟ್ಟು ಪ್ಲಾನ್ ಮಾಡಿ. ಎರಡೂ ಬೇಕು ಅಂದ್ರೆ ರಜೆ ಜಾಸ್ತಿ ಹಾಕಿ. ಕುದುರೆಮುಖದ ಕಾಡಿನ ರಸ್ತೆಯಲ್ಲಿ ಹೋಗೋ ಯೋಚನೆ ಇದ್ದರೆ ಸಂಜೆ ಮೇಲೆ ಗೇಟ್ ಮುಚ್ಚುತ್ತಾರೆ, ನೆನಪಿರಲಿ.

ಐದನೇ ದಿನ: ಶೃಂಗೇರಿ, ಚಿಕ್ಕಮಗಳೂರು, ಹಾಸನದ ಮೇಲೆ ಬೆಂಗಳೂರು. 360 ಕಿಲೋಮೀಟರ್. ಇದು ದೊಡ್ಡ ದಿನ. ಬೆಳಿಗ್ಗೆ ಏಳಕ್ಕೆ ಕಾರು ಸ್ಟಾರ್ಟ್ ಆಗಿರಲಿ. ಇನ್ನೊಂದು ದಿನ ರಜೆ ಇದ್ರೆ ಹಾಸನದಲ್ಲಿ ಒಂದು ರಾತ್ರಿ ಉಳಿದು ಬನ್ನಿ. ಹೇಗೂ ಶುಕ್ರವಾರ ಆಫೀಸಿಗೆ ಹೋಗಬೇಡಿ. ಬಟ್ಟೆ ಒಗೆಯೋಕೂ ಒಂದು ದಿನ ಬೇಕಲ್ವಾ?

ಕಾರು ಮತ್ತು ಕಾಸು

ಒಟ್ಟು ಸುತ್ತಾಟ ಸುಮಾರು 900 ಕಿಲೋಮೀಟರ್. ಬೆಟ್ಟದಲ್ಲಿ ಲೀಟರಿಗೆ 14 ಕಿಲೋಮೀಟರ್ ಅಂತ ಹಿಡಿದರೆ 65 ಲೀಟರ್ ಪೆಟ್ರೋಲ್. ಅಂದ್ರೆ ಆರೂವರೆಯಿಂದ ಏಳು ಸಾವಿರ ರೂಪಾಯಿ. ಅದರ ಮೇಲೆ ಟೋಲ್, ನಾಲ್ಕು ರಾತ್ರಿಯ ರೂಮು, ಊಟ. ಹೋಂಸ್ಟೇ ರೇಟ್ ಕೇಳುವಾಗ ‘ಇದು ಒಬ್ಬರಿಗಾ, ಇಬ್ಬರಿಗಾ? ಊಟ ಸೇರಿದೆಯಾ?’ ಅಂತ ಕೇಳಿ. ಬಹಳಷ್ಟು ಕಡೆ ಹೇಳೋದು ತಲೆಗಿಷ್ಟು ಅಂತ. ಎಲ್ಲಾ ಸೇರಿಸಿ ಬಂದ ಮೊತ್ತದ ಮೇಲೆ ಹತ್ತರಲ್ಲಿ ಒಂದು ಪಾಲು ಪಂಕ್ಚರ್‌ಗೆ, ಔಷಧಿಗೆ, ಇನ್ನೊಂದು ರಾತ್ರಿ ಉಳಿಯಬೇಕಾಗಿ ಬಂದ್ರೆ ಅಂತ ಎತ್ತಿಡಿ. ಇದಕ್ಕಾಗಿ ಸಾಲ ಮಾತ್ರ ಮಾಡಬೇಡಿ. ಐದು ದಿನದ ಟ್ರಿಪ್‌ನ ಇಎಂಐ ಒಂದು ವರ್ಷ ಕಟ್ಟುತ್ತಾ ಸಂಸಾರ ಶುರು ಮಾಡೋದು ಬೇಡ.

ಸೆಲ್ಫ್ ಡ್ರೈವ್ ಕಾರು ಬಾಡಿಗೆಗೆ ತಗೊಳ್ಳೋದಾದ್ರೆ ಕಪ್ಪು ಬೋರ್ಡ್ ಮೇಲೆ ಹಳದಿ ಅಕ್ಷರ ಇದೆಯಾ ನೋಡಿ. ಬಿಳಿ ಬೋರ್ಡ್ ಕಾರನ್ನು ಬಾಡಿಗೆಗೆ ಕೊಟ್ಟರೆ ಅದು ನಿಯಮಕ್ಕೆ ವಿರುದ್ಧ, ಅಪಘಾತವಾದರೆ ವಿಮೆಯ ತಲೆನೋವು ನಿಮ್ಮದೇ. ಸ್ಟೆಪ್ನಿಯಲ್ಲಿ ಗಾಳಿ, ಬ್ರೇಕ್, ವೈಪರ್ ಚೆಕ್ ಮಾಡಿಸಿ. ಗೀರು, ಡೆಂಟ್ ಎಲ್ಲಾ ವಿಡಿಯೋ ಮಾಡಿಟ್ಕೊಳ್ಳಿ.

ಘಾಟಿಯಲ್ಲಿ ಮೊದಲು ದಾರಿ ಬಿಡಬೇಕಾದ್ದು ಹತ್ತುತ್ತಿರುವ ಗಾಡಿಗೆ. ಇಳಿಯುವಾಗ ಎರಡನೇ ಗೇರಲ್ಲಿ ಇಳಿಯಿರಿ, ನ್ಯೂಟ್ರಲ್ ಹಾಕಬೇಡಿ. ಉದ್ದಕ್ಕೂ ಬ್ರೇಕ್ ಒತ್ತುತ್ತಾ ಬಂದ್ರೆ ಬಿಸಿಯಾಗಿ ಬ್ರೇಕ್ ಹಿಡಿಯೋದೇ ನಿಲ್ಲಬಹುದು. ಇಬ್ಬರಿಗೂ ಘಾಟಿ ಅಭ್ಯಾಸ ಇಲ್ಲ ಅಂದ್ರೆ ಡ್ರೈವರ್ ಇರುವ ಟ್ಯಾಕ್ಸಿ ಮಾಡಿ. ಬಾಟಾ, ಅವರ ಊಟ, ಮಲಗೋ ವ್ಯವಸ್ಥೆ ಮೊದಲೇ ಮಾತಾಡಿಕೊಳ್ಳಿ. ಅದರಲ್ಲಿ ಮರ್ಯಾದೆ ಹೋಗೋದು ಏನಿಲ್ಲ.

ಆಫ್‌ಲೈನ್ ಮ್ಯಾಪ್ ಡೌನ್‌ಲೋಡ್ ಮಾಡಿ, ಸ್ವಲ್ಪ ನಗದು ಇಟ್ಕೊಳ್ಳಿ. ಮಳೆಗಾಲದಲ್ಲಿ ಜಿಗಣೆಗೆ ಉಪ್ಪು. ಚಳಿಗಾಲದಿಂದ ಬೇಸಿಗೆವರೆಗೆ ಈ ಭಾಗದ ಕಾಡಿನಲ್ಲಿ ಉಣುಗಿನಿಂದ ಹರಡುವ ಮಂಗನ ಕಾಯಿಲೆ ಕಾಣಿಸಿಕೊಳ್ಳುತ್ತೆ. ಹಾಗಾಗಿ ರೀಲ್ಸ್‌ಗೋಸ್ಕರ ಕಾಡೊಳಗೆ ನುಗ್ಗಬೇಡಿ, ಹೋಂಸ್ಟೇಯವರನ್ನು ಕೇಳಿ ಹೆಜ್ಜೆ ಇಡಿ.

ಕೊನೆಯದಾಗಿ, ಪಕ್ಕದ ಸೀಟು

ಪ್ಲಾನ್‌ನ ಪಿಡಿಎಫ್‌ನಲ್ಲಿ ಬರದೇ ಇರೋ ಮಾತುಗಳನ್ನು ಹೇಳ್ತೀನಿ. ತಿರುವಿನ ರಸ್ತೆಯಲ್ಲಿ ಒಬ್ಬರಿಗೆ ತಲೆ ಸುತ್ತಿ ವಾಂತಿ ಬರಬಹುದು. ಮೊದಲ ವಾರದಲ್ಲೇ ಹೇಳೋದು ಹೇಗೆ ಅಂತ ಸಂಕೋಚ. ಅದೇ ಥರ ಶೌಚಾಲಯ. ಹೆದ್ದಾರಿ ಬಿಟ್ಟ ಮೇಲೆ ಹೆಣ್ಣುಮಕ್ಕಳಿಗೆ ಸರಿಯಾದ ಶೌಚಾಲಯ ಸಿಗೋದು ಕಷ್ಟ ಅಂತ ಹೆದರಿ ಎಷ್ಟೋ ಜನ ನೀರೇ ಕುಡಿಯಲ್ಲ. ಹಾಸನ, ಬೇಲೂರು, ಬಾಳೆಹೊನ್ನೂರು, ಶೃಂಗೇರಿ ಹೀಗೆ ಎಲ್ಲಿ ನಿಲ್ಲಿಸ್ತೀವಿ ಅಂತ ಮೊದಲೇ ಗುರುತು ಮಾಡಿಕೊಂಡ್ರೆ, ಕೇಳೋ ಮುಜುಗರವೇ ಇರಲ್ಲ. ಮುಟ್ಟಿನ ದಿನ ಬಂತು ಅಂದ್ರೆ ಬೆಟ್ಟ ಹತ್ತೋದು ರದ್ದು, ಅಷ್ಟೇ. ಅದು ಟ್ರಿಪ್ ಹಾಳಾಗಿದ್ದಲ್ಲ.

ಪ್ಲಾನ್ ಒಬ್ಬರೇ ಮಾಡಿ ಇನ್ನೊಬ್ಬರಿಗೆ ‘ಸರ್‌ಪ್ರೈಸ್’ ಕೊಡೋದು ಸಿನಿಮಾದಲ್ಲಿ ಚೆಂದ. ಇಲ್ಲಿ ಹೀಗೆ ಮಾಡಿ: ಇಬ್ಬರೂ ಬೇರೆ ಬೇರೆಯಾಗಿ ‘ಇದು ಬೇಕೇ ಬೇಕು’ ಅನ್ನೋ ಎರಡು, ‘ಇದು ಬೇಡವೇ ಬೇಡ’ ಅನ್ನೋ ಒಂದು ಬರೆದು ತೋರಿಸಿ. ಅಲ್ಲಿಂದ ಪ್ಲಾನ್ ಶುರು ಆಗಲಿ. ಸ್ಟೀರಿಂಗ್ ಒಬ್ಬರ ಕೈಲಿರಬಹುದು, ‘ಇವತ್ತು ಸಾಕು, ಇಲ್ಲೇ ಇರೋಣ’ ಅನ್ನೋ ಹಕ್ಕು ಇಬ್ಬರಿಗೂ ಇರಲಿ.

ಮನೆಯವರ ಫೋನ್ ಬರ್ತಾನೇ ಇರುತ್ತೆ, ಎರಡೂ ಕಡೆಯಿಂದ. ಬೆಳಿಗ್ಗೆ ಒಂದು, ರಾತ್ರಿ ಒಂದು ಕರೆ ಅಂತ ಹೊರಡೋ ಮುಂಚೆ ಅಮ್ಮಂದಿರಿಗೆ ಹೇಳಿಬಿಡಿ. ನೆಟ್‌ವರ್ಕ್ ಇರಲ್ಲ ಅಂತಾನೂ ಹೇಳಿ. ಇಲ್ಲಾಂದ್ರೆ ಆಗುಂಬೆಯಲ್ಲಿ ನೀವು ಮಳೆ ನೋಡ್ತಾ ಕೂತಿರ್ತೀರಿ, ಊರಲ್ಲಿ ಅವರು ಗಾಬರಿಯಾಗಿರ್ತಾರೆ.

ದಾರಿಯಲ್ಲಿ ಒಂದು ಸಣ್ಣ ಜಗಳ ಆಗುತ್ತೆ. ದಾರಿ ತಪ್ಪಿದ್ದಕ್ಕೋ, ಊಟ ತಡವಾಗಿದ್ದಕ್ಕೋ. ಹೊಟ್ಟೆ ಹಸಿದಾಗ ಯಾವ ತೀರ್ಮಾನವೂ ಬೇಡ. ಮೊದಲು ಗಾಡಿ ನಿಲ್ಲಿಸಿ, ಸಿಕ್ಕ ಕಡೆ ಅಕ್ಕಿ ರೊಟ್ಟಿ ತಿನ್ನಿ, ಆಮೇಲೆ ಮಾತಾಡಿ. ಈ ಐದು ದಿನದಲ್ಲಿ ಅದೊಂದು ಅಭ್ಯಾಸ ಆದ್ರೂ ಸಾಕು, ಮುಂದಕ್ಕೂ ಉಪಯೋಗಕ್ಕೆ ಬರುತ್ತೆ.

ಹುಷಾರಾಗಿ ಹೋಗಿ ಬನ್ನಿ. ಪ್ಲಾನ್ ಹಾಕ್ತಾ ಇರೋ ಫ್ರೆಂಡ್‌ಗೆ ಈ ಸಂಚಿಕೆ ಕಳಿಸಿ.